ಗ್ರನಾಡಾ: ಒಂದೇ ದಿನ, ಬರೀ ಕಾಲ್ನಡಿಗೆ, ತಲೆಗೆ 40 ಯೂರೋ ಒಳಗೆ

ಸ್ಪೇನಿನ ಗ್ರನಾಡಾ ಒಂದು ದಿನಕ್ಕೆ ಮುಗಿಯೋದಿಲ್ಲ, ನಡೆದುಕೊಂಡಂತೂ ಆಗೋದೇ ಇಲ್ಲ ಅಂತ ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಜೊತೆಗೆ ಹಾಸನದ ಗೆಳೆಯ ಬರುತ್ತಾನೆ, ಅವನು ಪಕ್ಕಾ ಸಸ್ಯಾಹಾರಿ ಅಂದಾಗ ನಕ್ಕೇಬಿಟ್ಟರು. ಆಯ್ತು, ಈಗ ನಾನು ನಗಬಹುದು.

ಹಾಗಂತ ಮೊದಲ ಸಲವೇ ಗೆದ್ದವನಲ್ಲ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಒಬ್ಬನೇ ಹೋಗಿ ಚೆನ್ನಾಗಿ ಪೆಟ್ಟು ತಿಂದಿದ್ದೆ. ಗುಡ್ಡದ ಮೇಲಿನ ಹಳೇ ಕೋಟೆ ಅಲ್ಹಂಬ್ರಾ ಒಳಗೆ, ಸುಲ್ತಾನರ ನಸ್ರಿದ್ ಅರಮನೆಗೆ ಮಧ್ಯಾಹ್ನ 12ರ ಟಿಕೆಟ್ ಇತ್ತು. ಟಿಕೆಟ್ ಕೌಂಟರ್ ಇರುವ ಮೇಲಿನ ಬಾಗಿಲಿಗೆ ಹೋದೆ. ಅಲ್ಲಿಂದ ಅರಮನೆಗೆ ಇನ್ನೂ ಕಾಲು ಗಂಟೆ ನಡಿಗೆ ಅಂತ ಗೊತ್ತೇ ಇರಲಿಲ್ಲ. ತೋಟ ನೋಡುತ್ತಾ ಮೈಮರೆತು ಮುಟ್ಟುವಾಗ ಮುಕ್ಕಾಲು ಗಂಟೆ ತಡ. ಒಳಗೆ ಬಿಡಲಿಲ್ಲ. ತಪ್ಪು ನನ್ನದೇ, ಆದರೆ 18-19 ಯೂರೋ ನೀರಿಗೆ ಹೋಯ್ತು. ಆ ಸಿಟ್ಟಲ್ಲೇ ಮಧ್ಯಾಹ್ನ ಮೂರರ ಬಿಸಿಲಿಗೆ ಎದುರು ಗುಡ್ಡದ ಹಳೇ ಬಡಾವಣೆ ಅಲ್ಬೈಸಿನ್ ಹತ್ತಿದೆ. ಸಿಯೆಸ್ತಾ, ಅಂದರೆ ಮಧ್ಯಾಹ್ನದ ನಿದ್ದೆಯ ಹೊತ್ತು, ಅಂಗಡಿ ಎಲ್ಲ ಬಂದ್. ಕಾಲಿಗೆ ಚರ್ಮದ ಚಪ್ಪಲಿ. ಅಲ್ಲಿನ ಓಣಿಗಳಿಗೆ ಹೊಳೆಯ ಉರುಟುಕಲ್ಲು ಹಾಸಿದ್ದಾರೆ, ತುಳಿದು ತುಳಿದು ನುಣುಪಾಗಿವೆ. ಜಾರಿ ಬಿದ್ದು ಮಂಡಿ ತರಚಿಕೊಂಡು ಟ್ಯಾಕ್ಸಿ ಹಿಡಿದೆ.

ಈ ಸಲ ಮಾರ್ಚ್ ಮೊದಲ ವಾರ, ವಾರದ ಮಧ್ಯೆ. ಟಿಕೆಟ್ ತಿಂಗಳ ಮುಂಚೆಯೇ ತೆಗೆದೆ, ಬೆಳಗಿನ 8:30ರದ್ದು. ನಮ್ಮವರಿಗೊಂದು ಮಾತು: ಇನಿಶಿಯಲ್ ಹಾಕಬೇಡಿ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಬರೆಯಿರಿ. ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ.

ಕಾಲು ಗಟ್ಟಿ ಇರುವಾಗಲೇ ದೊಡ್ಡ ಏರು ಮುಗಿಸಬೇಕು ಅನ್ನೋದು ನನ್ನ ಲೆಕ್ಕ. 7:40ಕ್ಕೆ ಊರ ನಡುವಿನ ಚೌಕ ಪ್ಲಾಸಾ ನುಯೆವಾ ಬಿಟ್ಟು ಗೊಮೆರೆಸ್ ಏರು ಹಿಡಿದೆವು. ತುದಿಯಲ್ಲಿ ಒಂದು ಹೆಬ್ಬಾಗಿಲು, ನೆತ್ತಿಯ ಮೇಲೆ ಬಾಯಿ ಬಿಟ್ಟ ಮೂರು ಕಲ್ಲಿನ ದಾಳಿಂಬೆ. ಸ್ಪ್ಯಾನಿಷ್‌ನಲ್ಲಿ ಗ್ರನಾಡಾ ಅಂದರೇ ದಾಳಿಂಬೆ ಅಲ್ವಾ. ಅಲ್ಲಿಂದ ಮರಗಳ ನಡುವೆ ಹತ್ತಿ, 1348ರಲ್ಲಿ ಕಟ್ಟಿದ ನ್ಯಾಯದ ಬಾಗಿಲಿನಿಂದ ಒಳಗೆ. ಕೈಯಲ್ಲಿ ಟಿಕೆಟ್ ಇದ್ದರೆ ಮೇಲಿನ ಕೌಂಟರ್ ಕಡೆ ಹೋಗೋದೇ ಬೇಡ. ಒಟ್ಟು ಇಪ್ಪತ್ತು-ಇಪ್ಪತ್ತೈದು ನಿಮಿಷ, ಗೆಳೆಯ ಒಂದು ಸಲವೂ ನಿಲ್ಲಲಿಲ್ಲ. ನಾನು ನಿಂತೆ, ಫೋಟೋ ನೆಪದಲ್ಲಿ.

ಅರಮನೆ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ. ನನಗೆ ಹಿಡಿಸಿದ್ದು ಅದರ ಪಕ್ಕದ ಹೆನೆರಲೀಫೆ ತೋಟದ ನೀರಿನ ಮೆಟ್ಟಿಲು. ಮೆಟ್ಟಿಲಿನ ಎರಡೂ ಪಕ್ಕ ಕೈಯೂರುವ ಮೋಟುಗೋಡೆಯ ಮೇಲೇ ಕಾಲುವೆ. ದಾರೋ ಹೊಳೆಯಿಂದ ಸುಮಾರು 6 ಕಿಲೋಮೀಟರ್ ದೂರದಿಂದ ತಂದ ನೀರು ಅಂಗೈ ಅಡಿಯಲ್ಲೇ ಹರಿಯುತ್ತೆ. ಗೆಳೆಯ ಕೈ ಅದ್ದಿಕೊಂಡೇ ಮೂರು ಸಲ ಹತ್ತಿಳಿದ.

ಹನ್ನೆರಡೂವರೆಗೆ ರೇಯ್ ಚಿಕೋ ಇಳಿಜಾರಿನಲ್ಲಿ ಕೋಟೆ ಹಿಂದಿನಿಂದ ಸೀದಾ ದಾರೋ ದಡಕ್ಕೆ. ಏರೋಕೆ ಈ ದಾರಿ ಮಂಡಿ ಮುರಿಯುತ್ತೆ, ಇಳಿಯೋಕೆ ಸುಖ. ಕೆಳಗೆ ಒಂದು ಪ್ರಯೋಗವೂ ಆಯ್ತು. ರಸ್ತೆ ಬದಿ ಕಿತ್ತಳೆ ಮರದ ಕೆಳಗೆ ಬಿದ್ದಿದ್ದ ಹಣ್ಣು ಸುಲಿದು ಬಾಯಿಗಿಟ್ಟೆ. ಅಯ್ಯೋ, ಹೇರಳೆಕಾಯಿ! ಗೆಳೆಯ ಮೂಸಿ ನೋಡಿ, "ಉಪ್ಪಿನಕಾಯಿಗೆ ಆಗುತ್ತೆ" ಅಂದ. ಆಮೇಲೆ ರೂಮಿಗೆ ಹೋಗಿ ಎರಡು ಗಂಟೆ ನಿದ್ದೆ. ಎಲ್ಲರ ಪ್ಲಾನ್ ಕೆಡೋದು ಈ ನಿದ್ದೆ ಬಿಟ್ಟಾಗಲೇ.

ಸಂಜೆ ಅಲ್ಬೈಸಿನ್, ಈ ಸಲ ಹಳೇ ರಬ್ಬರ್ ಅಡಿಯ ಶೂ. ಸಾನ್ ನಿಕೊಲಾಸ್ ಕಟ್ಟೆ ಮೇಲೆ ಸೂರ್ಯ ಮುಳುಗುವಾಗ ಜಾತ್ರೆ. ನಾವು ಐದು ನಿಮಿಷ ದೂರದ ಇನ್ನೊಂದು ಕಟ್ಟೆಯಲ್ಲಿ ಆರಾಮಾಗಿ ಕೂತು ಅಲ್ಹಂಬ್ರಾ ಕೆಂಪಾಗೋದು ನೋಡಿದೆವು. ಅದು ಎಲ್ಲಿ ಅಂತ ಹೇಳೋದಿಲ್ಲ. ಹೇಳಿದರೆ ಅಲ್ಲೂ ಜಾತ್ರೆ.

ಊಟದ ಲೆಕ್ಕ ಕೇಳಿ. ಗ್ರನಾಡಾದಲ್ಲಿ ಕುಡಿಯೋಕೆ ಏನಾದರೂ ತಗೊಂಡರೆ ಜೊತೆಗೊಂದು ತಾಪಾ, ಅಂದರೆ ಸಣ್ಣ ತಟ್ಟೆ ತಿಂಡಿ, ಪುಕ್ಕಟೆ. ಗೆಳೆಯ ಆಲ್ಕೋಹಾಲ್ ಇಲ್ಲದ ಬಿಯರ್ ಹೇಳಿದ, ಅದಕ್ಕೂ ಬಂತು. ಮೊದಲ ಬಾರಿನಲ್ಲಿ "ಸಿನ್ ಕಾರ್ನೆ", ಅಂದರೆ ಮಾಂಸ ಬೇಡ, ಅಂದೆ. ಹಮೋನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸ, ಇಟ್ಟ ಬ್ರೆಡ್ ಬಂತು. ಎರಡನೆಯ ಕಡೆ ಹಮೋನ್ ಬೇಡ ಅಂದೆ, ಟ್ಯೂನಾ ಮೀನು ಬಂತು. ಎರಡೂ ನನ್ನ ಹೊಟ್ಟೆಗೆ. ಮೂರನೆಯ ಕಡೆ ಪಾನೀಯ ಹೇಳುವಾಗಲೇ ಮಾಂಸ, ಮೀನು, ಹಮೋನ್ ಮೂರರ ಹೆಸರೂ ಹಿಡಿದು ಬೇಡ ಅಂದೆ. ಆಲೂಗಡ್ಡೆ ತೊರ್ತಿಯಾ ಬಂತು. ಅದರಲ್ಲಿ ಮೊಟ್ಟೆ! ನಾಲ್ಕನೆಯ ಕಡೆ ಮೊಟ್ಟೆಯನ್ನೂ ಸೇರಿಸಿ ಹೇಳಿದ ಮೇಲೆ ಬಂತು ನೋಡಿ, ಕರಿದ ಬದನೆಕಾಯಿ, ಮೇಲೆ ಕಪ್ಪಗೆ ಕಬ್ಬಿನ ಪಾಕ. ಗೆಳೆಯ ಬೆರಳಲ್ಲಿ ನೆಕ್ಕಿ, "ಲೋ, ಇದು ಜೋನಿ ಬೆಲ್ಲ ಕಣೋ!" ಅಂದ. ಅಲ್ಲೇ ಕೂತು ಮೂರು ಸುತ್ತು ಮುಗಿಸಿದೆವು.

ತಲೆಗೆ ಟಿಕೆಟ್ 20ರ ಹತ್ತಿರ, ಬೆಳಗಿನ ಟೊಮೇಟೊ ಬ್ರೆಡ್ ಮತ್ತು ಕಾಫಿ 4, ರಾತ್ರಿ ಎಲ್ಲ ಸೇರಿ 14-15. ಬಸ್ಸು, ಟ್ಯಾಕ್ಸಿ ಸೊನ್ನೆ. ಫೋನಿನಲ್ಲಿ ನನ್ನದು 27 ಸಾವಿರ ಹೆಜ್ಜೆ, ಅವನದು 30 ದಾಟಿತ್ತು. ಕುಳ್ಳ, ಹೆಜ್ಜೆ ಜಾಸ್ತಿ ಬೇಕು.

ರೂಮಿಗೆ ವಾಪಸ್ ಬರುವಾಗ, "ಜುಲೈಯಲ್ಲಿ ಕೋರ್ದೊಬಾ ಊರನ್ನೂ ಹೀಗೇ ಮಾಡೋಣ್ವಾ?" ಅಂದ. ಪ್ಯಾಂಟ್ ಮೇಲೆತ್ತಿ ಮಂಡಿಯ ಕಲೆ ತೋರಿಸಿದೆ.