ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ: ಲ್ಯಾಬಿಗೆ ಹೋಗುವ ಮುನ್ನ, ವರದಿ ಬಂದ ಮೇಲೆ

ಮಂಡ್ಯದ ಲ್ಯಾಬೊಂದರಲ್ಲಿ ಬೆಳಿಗ್ಗೆ ಏಳಕ್ಕೆ ‘ಖಾಲಿ ಹೊಟ್ಟೇಲಿ ಬಂದಿದ್ದೀರಾ?’ ಎಂದು ಕೇಳಿದರೆ, ‘ಏನೂ ತಿಂದಿಲ್ಲ, ಬರೀ ಕಾಫಿ ಕುಡಿದೆ, ಅದೂ ಬೆಲ್ಲದ್ದು’ ಎಂಬ ಉತ್ತರ ಬರುವುದುಂಟು. ಆಲೆಮನೆಗಳ ಈ ಸೀಮೆಯಲ್ಲಿ ಒಪ್ಪಿಸುವುದು ಕಷ್ಟವಾದರೂ, ಬೆಲ್ಲದ ಬಹುಪಾಲು ಸಕ್ಕರೆಯೇ ಆಗಿರುವುದರಿಂದ ಆ ಅರ್ಧ ಲೋಟಕ್ಕೆ ಪರೀಕ್ಷೆ ಕೆಡುತ್ತದೆ.

ಖಾಲಿ ಹೊಟ್ಟೆಯ ಪರೀಕ್ಷೆಗೆ ಕನಿಷ್ಠ 8 ಗಂಟೆ ನೀರಿನ ಹೊರತು ಏನನ್ನೂ ಸೇವಿಸಿರಬಾರದು. ರಾತ್ರಿ ಒಂಬತ್ತಕ್ಕೆ ಮುದ್ದೆ ಉಂಡವರು ಬೆಳಿಗ್ಗೆ ಏಳಕ್ಕೆ ರಕ್ತ ಕೊಡಬಹುದು. ಹಳ್ಳಿಯಿಂದ ಬಸ್ಸಿಗೆ ಬಂದು ಹನ್ನೊಂದರವರೆಗೂ ಹಸಿದು ಕೂರುವುದು, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಅಪಾಯಕರ. ಬೆಳಗಿನ ಮಾತ್ರೆ, ಇನ್ಸುಲಿನ್ ಯಾವಾಗ ಎಂಬುದನ್ನು ಹಿಂದಿನ ದಿನವೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಬೇಕು. ಊಟದ ನಂತರದ ಪರೀಕ್ಷೆಗೆ ಎರಡು ಗಂಟೆಯನ್ನು ಎಣಿಸಬೇಕಾದದ್ದು ಕೈ ತೊಳೆದಾಗಿನಿಂದಲ್ಲ, ಮೊದಲ ತುತ್ತಿನಿಂದ. ಚಿಕಿತ್ಸೆಯಲ್ಲಿರುವವರು ಅಂದೂ ದಿನದ ತಿಂಡಿಯನ್ನೇ ತಿನ್ನಬೇಕು. ವರದಿ ಚೆನ್ನಾಗಿ ಬರಲೆಂದು ಅಂದು ಮಾತ್ರ ಒಂದೇ ಇಡ್ಲಿ ತಿಂದರೆ, ವೈದ್ಯರು ಆ ಅಂಕಿಯನ್ನೇ ನಂಬಿ ಔಷಧಿ ಬರೆಯುತ್ತಾರೆ.

ರಕ್ತ ತೆಗೆಯುವಾಗ ಕೊಳವೆಗಳ ಮುಚ್ಚಳವನ್ನು ಗಮನಿಸಿ. ರಕ್ತಕಣಗಳು ದೇಹದ ಹೊರಗೂ ಗ್ಲೂಕೋಸನ್ನು ಬಳಸುತ್ತಲೇ ಇರುವುದರಿಂದ, ಹಾಗೆಯೇ ಇಟ್ಟ ರಕ್ತದಲ್ಲಿ ಅದು ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಇದನ್ನು ತಡೆಯಲೆಂದೇ ಬೂದು ಮುಚ್ಚಳದ ಕೊಳವೆಯಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಅದು ಪೂರ್ಣವಾಗಿ ಕೆಲಸ ಮಾಡಲೂ ಒಂದೆರಡು ಗಂಟೆಯಾದರೂ ಬೇಕಾದ್ದರಿಂದ, ಮಾದರಿಯನ್ನು ದೂರ ಸಾಗಿಸುವ ಕಡೆಗಿಂತ ಅಲ್ಲಿಯೇ ಪರೀಕ್ಷಿಸುವ ಲ್ಯಾಬ್ ಮೇಲು ಎಂಬುದು ನನ್ನ ಅಭಿಪ್ರಾಯ.

ನೇರಳೆ ಮುಚ್ಚಳದ ಕೊಳವೆ ‘ಮೂರು ತಿಂಗಳ ಶುಗರ್’ ಎಂದು ಜನ ಕರೆಯುವ ಎಚ್‌ಬಿಎ1ಸಿ ಪರೀಕ್ಷೆಗೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ಕಾಲ ಅದರ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಗ್ಲೂಕೋಸನ್ನು ಇದು ಅಳೆಯುತ್ತದೆ, ಆದ್ದರಿಂದ ಉಪವಾಸ ಬೇಕಿಲ್ಲ. ಆದರೆ ಕಬ್ಬಿಣಾಂಶದ ಕೊರತೆಯಿದ್ದರೆ ಅಂಕಿ ಹುಸಿಯಾಗಿ ಏರಬಹುದು, ರಕ್ತಸ್ರಾವವಾಗಿದ್ದರೆ ಅಥವಾ ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಇಳಿಯಬಹುದು. ಇದನ್ನು ವೈದ್ಯರಿಗೆ ಮೊದಲೇ ತಿಳಿಸಿ.

ಖಾಲಿ ಹೊಟ್ಟೆಯಲ್ಲಿ 126 ಮಿ.ಗ್ರಾಂ. ಅಥವಾ ಹೆಚ್ಚು, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಹೆಚ್ಚು, ಎಚ್‌ಬಿಎ1ಸಿ ಶೇ. 6.5 ಅಥವಾ ಹೆಚ್ಚು ಇದ್ದರೆ ಅದು ಮಧುಮೇಹದ ಮಟ್ಟ. ಖಾಲಿ ಹೊಟ್ಟೆಯ 100–125, ಎಚ್‌ಬಿಎ1ಸಿಯ 5.7–6.4 ಅಂಚಿನ ಸ್ಥಿತಿ. ಲಕ್ಷಣಗಳಿಲ್ಲದವರಲ್ಲಿ ಒಂದೇ ವರದಿಯಿಂದ ಕಾಯಿಲೆಯ ಹೆಸರು ಹಚ್ಚುವುದಿಲ್ಲ. ಎರಡು ಪರೀಕ್ಷೆಗಳು ಹೊಂದಬೇಕು, ಇಲ್ಲವೇ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಬೆರಳು ಚುಚ್ಚುವ ಮೀಟರು ಮನೆಯಲ್ಲಿ ನಿಗಾ ಇಡಲು ಉಪಯುಕ್ತ, ರೋಗ ನಿರ್ಣಯಕ್ಕಲ್ಲ.

ಚಿಕಿತ್ಸೆ ಬದಲಾದಾಗ ಅಥವಾ ಗುರಿ ಮುಟ್ಟದಿದ್ದಾಗ ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗೊಮ್ಮೆ, ಸ್ಥಿರವಾಗಿದ್ದರೆ ಆರು ತಿಂಗಳಿಗೊಮ್ಮೆ ಮಾಡಿಸಿದರೆ ಸಾಕು. ಹಲವರಿಗೆ ಗುರಿ 7ಕ್ಕಿಂತ ಕಡಿಮೆ. ವಯಸ್ಸಾದವರಿಗೆ ವೈದ್ಯರು ಸಡಿಲಿಸುವುದುಂಟು. ಇದರೊಡನೆ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ತಿಳಿಸುವ ರಕ್ತಪರೀಕ್ಷೆ), ಕೊಲೆಸ್ಟರಾಲ್ ಮತ್ತು ಮೂತ್ರದ ಅಲ್ಬುಮಿನ್ (ಮೂತ್ರದಲ್ಲಿ ಸೋರುವ ಪ್ರೋಟೀನ್) ಪರೀಕ್ಷೆ ಬೇಕು. ಮೂತ್ರಪಿಂಡಕ್ಕೆ ತಗುಲಿದ ಪೆಟ್ಟು ಹಲವರಲ್ಲಿ ಕ್ರಿಯಾಟಿನಿನ್ ಏರುವ ಮೊದಲೇ ಈ ಕೊನೆಯದರಲ್ಲಿ ಕಾಣುವುದರಿಂದ, ಚೀಟಿಯಲ್ಲಿ ಅದು ಇಲ್ಲದಿದ್ದರೆ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.