ಏಳು ಸಹಿ, ಒಂದು ರಸೀದಿ ಪುಸ್ತಕ
ಕಾರ್ಮಿಕ ಸಂಘ ಕಟ್ಟುವುದು ಹೇಗೆ? ಕಟ್ಟಿದ ಸಂಘ ನೆರೆ ಬಂದಾಗ ಊರಿಗೆ ಒದಗುವುದು ಹೇಗೆ?

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ವಾಹನ ಹೋಗಲಿಲ್ಲ. ಗಾರ್ಮೆಂಟ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ಬೀದಿಗೆ ಬಂದಿದ್ದರು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಮಗಳ ಫೀಸು, ಗಂಡನ ಆಪರೇಷನ್, ಊರಿನ ಸಾಲ ಎಲ್ಲಕ್ಕೂ ಅವರು ನೆಚ್ಚಿಕೊಂಡಿದ್ದದ್ದು ಆ ದುಡ್ಡನ್ನೇ. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ, ಮುಂದಾಳು ಅಂತ ಯಾರೂ ಇರಲಿಲ್ಲ. 19ರಂದೇ ಕೇಂದ್ರ ಸರ್ಕಾರ ನಿಯಮವನ್ನು ಕೈಬಿಟ್ಟಿತು.

ಹಾಗಾದರೆ ಸಂಘ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಆ ಎರಡು ದಿನಕ್ಕೆ ಬೇಕಾಗಲಿಲ್ಲ, ನಿಜ. ಮೂರನೆಯ ದಿನಕ್ಕೆ ಬೇಕು. ಲಾಠಿ ಏಟು ತಿಂದವರನ್ನು ಆಸ್ಪತ್ರೆಗೆ ಕರೆದೊಯ್ಯಲು, ಕೇಸು ಬಿದ್ದವರಿಗೆ ಜಾಮೀನು ಕೊಡಿಸಲು, ಮುಂದಿನ ತಿಂಗಳು ಕನಿಷ್ಠ ಕೂಲಿಯ ವಿಷಯಕ್ಕೆ ಮಾಲೀಕರ ಎದುರು ಕುರ್ಚಿ ಹಾಕಿಕೊಂಡು ಕೂರಲು. ಜಾತ್ರೆಗೆ ಜನ ತಾನಾಗಿ ಸೇರುತ್ತಾರೆ; ದೇವಸ್ಥಾನದ ಲೆಕ್ಕ ಬರೆಯಲು ಮಾತ್ರ ಯಾರಾದರೂ ವರ್ಷಪೂರ್ತಿ ಕೂರಬೇಕು. ಸಂಘದ ಕೆಲಸ ಈ ಎರಡನೆಯ ಬಗೆಯದು.

ಕಾನೂನಿನ ಬಗ್ಗೆ ಮೊದಲೇ ಒಂದು ಮಾತು. ಸುಮಾರು ನೂರು ವರ್ಷ ಸಂಘಗಳನ್ನು ಆಳಿದ್ದು 1926ರ ಕಾರ್ಮಿಕ ಸಂಘಗಳ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ–2020 ಬಂದಿದೆ. ಹಳೆಯ ಕಾಯ್ದೆಯಡಿ ನೋಂದಣಿಯಾದ ಸಂಘಗಳು ಹೊಸದರಲ್ಲೂ ನೋಂದಣಿಯಾದಂತೆಯೇ ಲೆಕ್ಕ. ಬೈಲಾವನ್ನು, ಅಂದರೆ ಸಂಘದ ನಿಯಮಾವಳಿಯನ್ನು, ಹೊಸ ಸಂಹಿತೆಗೆ ಹೊಂದಿಸಿ ಸಂಘಗಳನ್ನು ನೋಂದಾಯಿಸುವ ಅಧಿಕಾರಿಯಾದ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ಹೊಸದಾಗಿ ಕಟ್ಟುವವರು ಅರ್ಜಿಯ ನಮೂನೆಯನ್ನು ಅಂತರ್ಜಾಲದಿಂದ ಇಳಿಸಿಕೊಂಡು ತುಂಬುವ ಮೊದಲು ನಿಮ್ಮ ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ, ಈಗ ಯಾವ ನಮೂನೆ ನಡೆಯುತ್ತಿದೆ ಎಂದು ಕೇಳಿಕೊಂಡು ಬನ್ನಿ. ಒಂದು ಓಡಾಟ ಉಳಿಯುತ್ತದೆ.

ಹೆಜ್ಜೆ 1: ತಲೆ ಎಣಿಸಿ

ಅರ್ಜಿಗೆ ಸಹಿ ಹಾಕಲು ಕನಿಷ್ಠ ಏಳು ಜನ ಬೇಕು. ಏಳೇ ಜನ ಸಾಕು ಎಂದು ಹಲವರು ಇಲ್ಲಿಯೇ ಎಡವುತ್ತಾರೆ. ಸಹಿಗೆ ಏಳು ಸಾಕು, ಆದರೆ ಅರ್ಜಿ ಹಾಕುವ ದಿನ ಆ ಕಾರ್ಖಾನೆಯ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ 10 ಜನ ಇಲ್ಲವೇ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸದಸ್ಯರಾಗಿರಬೇಕು. 600 ಜನರಿರುವ ಘಟಕಕ್ಕೆ 60 ಸದಸ್ಯರು. 3,000 ಜನರಿದ್ದರೆ 300 ಬೇಕಿಲ್ಲ, 100 ಸಾಕು. 40 ಜನರ ವರ್ಕ್‌ಶಾಪಿಗೆ ಲೆಕ್ಕದ ಪ್ರಕಾರ ನಾಲ್ಕು ಬಂದರೂ ಏಳಕ್ಕಿಂತ ಕೆಳಗೆ ಇಳಿಯುವಂತಿಲ್ಲ. ನೋಂದಣಿಯಾದ ಮೇಲೂ ಈ ಸಂಖ್ಯೆ ಕಾಯ್ದುಕೊಳ್ಳಬೇಕು. ಗಡಿಯಲ್ಲಿ ನಿಲ್ಲಬೇಡಿ: 60 ಬೇಕಾದಲ್ಲಿ 90 ಸೇರಿಸಿಕೊಳ್ಳಿ. ಕೆಲಸ ಬಿಡುವವರು, ಹೆದರಿ ಹಿಂದೆ ಸರಿಯುವವರು ಇದ್ದೇ ಇರುತ್ತಾರೆ.

‘ನಮಗೆ ಮಾಲೀಕನೇ ಇಲ್ಲವಲ್ಲ’ ಎನ್ನುವ ಬೀದಿ ವ್ಯಾಪಾರಿಗಳು, ಮನೆಯಲ್ಲಿ ಬೀಡಿ ಕಟ್ಟುವವರು, ಮನೆಗೆಲಸದವರೂ ಸಂಘ ಕಟ್ಟಬಹುದು. ಅಹಮದಾಬಾದಿನಲ್ಲಿ ಇಳಾ ಭಟ್ ಸ್ವಉದ್ಯೋಗಿ ಮಹಿಳೆಯರ ‘ಸೇವಾ’ ಸಂಘದ ಅರ್ಜಿ ಹಿಡಿದು ಹೋದಾಗ ಕಾರ್ಮಿಕ ಇಲಾಖೆ ಎತ್ತಿದ್ದು ಇದೇ ತಕರಾರು: ಮಾಲೀಕನಿಲ್ಲದೆ ಯಾರ ವಿರುದ್ಧ ಹೋರಾಡುತ್ತೀರಿ? ಸಂಘ ಇರುವುದು ಒಬ್ಬರ ವಿರುದ್ಧ ಅಂತಲ್ಲ, ದುಡಿಯುವವರು ಒಂದಾಗಲಿಕ್ಕೆ ಎಂದು ವಾದಿಸಿ, 1972ರಲ್ಲಿ ಅವರು ನೋಂದಣಿ ಪಡೆದರು. ಕಂಪ್ಯೂಟರ್ ಮುಂದೆ ಕೂರುವವರೂ ಹೊರತಲ್ಲ. ಕರ್ನಾಟಕದ ಐಟಿ ನೌಕರರ ಸಂಘ ಹುಟ್ಟಿದ್ದು 2017ರಲ್ಲಿ.

ಹೆಜ್ಜೆ 2: ಗೇಟಿನಿಂದ ದೂರ ಸೇರಿ

ಮೊದಲ ಸಭೆಯನ್ನು ಕಾರ್ಖಾನೆಯ ಗೇಟಿನಲ್ಲಿ ಮಾಡಬೇಡಿ. ಗೇಟ್ ಮೀಟಿಂಗಿಗೆ ಮುಂದೆ ಕಾಲವಿದೆ. ಯಾರದಾದರೂ ಮನೆ, ಭಜನೆ ಮಂದಿರ, ಭಾನುವಾರದ ಶಾಲೆ ಅಂಗಳ ಸಾಕು. ಮದರಾಸಿನ ಬಕಿಂಗ್‌ಹ್ಯಾಮ್–ಕರ್ನಾಟಿಕ್ ಗಿರಣಿಗಳ ಕೆಲಸಗಾರರು ಸೇರುತ್ತಿದ್ದದ್ದೂ ಪೆರಂಬೂರಿನ ಒಂದು ಭಜನಾ ಸಭೆಯಲ್ಲಿ. ಅಲ್ಲಿನ ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯ್ಡು ಎಂಬ ಇಬ್ಬರು ಹೋಮ್ ರೂಲ್ ಚಳವಳಿಯ ಮುಖಂಡ ಬಿ.ಪಿ. ವಾಡಿಯಾ ಅವರನ್ನು ಕರೆತಂದರು. ಮಧ್ಯಾಹ್ನದ ಊಟಕ್ಕೆ ಕೊಡುವ ಬಿಡುವು ಸಾಲದು ಎಂಬಂಥ ದೂರುಗಳಿಂದ ಶುರುವಾದ ಮಾತು 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಆಯಿತು. ಇಡೀ ಜಗತ್ತಿನ ಶೋಷಣೆಯ ಬಗ್ಗೆ ಭಾಷಣ ಬಿಗಿದರೆ ಮೊದಲ ಸಭೆಗೆ ಬಂದವರು ಎರಡನೆಯದಕ್ಕೆ ಬರುವುದಿಲ್ಲ. ಕುಡಿಯುವ ನೀರು, ಶೌಚಾಲಯಕ್ಕೆ ಹೋಗಲು ಟೋಕನ್, ಬಸ್ಸು ತಡವಾದರೆ ಅರ್ಧ ದಿನದ ಕೂಲಿ ಕಡಿತ ಇಂಥದ್ದರಿಂದ ಹಿಡಿಯಿರಿ.

ಈ ಸಭೆಯಲ್ಲಿ ಬಂದೇ ಬರುವ ಪ್ರಶ್ನೆ: ‘ಅಕ್ಕಾ, ಸಹಿ ಹಾಕಿದ್ರೆ ಕೆಲಸ ಹೋಗತ್ತಾ?’ ಸುಳ್ಳು ಧೈರ್ಯ ಹೇಳಬೇಡಿ. ಸಂಘ ಕಟ್ಟುವುದು ಸಂವಿಧಾನದ 19(1)(ಸಿ) ವಿಧಿ ಕೊಟ್ಟ ಹಕ್ಕು. ಸಂಘ ಸೇರಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿನ ಕಣ್ಣಿನಲ್ಲಿ ‘ಅನುಚಿತ ಕಾರ್ಮಿಕ ಪದ್ಧತಿ’. ಆದರೂ ತೆಗೆದವರಿದ್ದಾರೆ, ತೆಗೆಸಿಕೊಂಡವರು ವರ್ಷಗಟ್ಟಲೆ ಕೋರ್ಟು ಅಲೆದಿದ್ದಾರೆ. ಆದ್ದರಿಂದ ನೇಮಕಾತಿ ಪತ್ರ, ವೇತನ ಚೀಟಿ, ಗುರುತಿನ ಚೀಟಿ, ಹಾಜರಿಯ ಫೋಟೊ ಎಲ್ಲವನ್ನೂ ಪ್ರತಿಯೊಬ್ಬರೂ ಮೊದಲೇ ಮನೆಯಲ್ಲಿ ಎತ್ತಿಟ್ಟುಕೊಳ್ಳಲಿ.

ಸಭೆಗೆ ಬಂದವರ ಹೆಸರು, ಸಹಿ, ಏನು ತೀರ್ಮಾನವಾಯಿತು ಎಂಬುದನ್ನು ಒಂದು ಹಾಳೆ ಹರಿಯಲಾಗದ ಪುಸ್ತಕದಲ್ಲಿ ಬರೆಯಿರಿ. ಇದೇ ನಡಾವಳಿ ಪುಸ್ತಕ. ಮುಂದೆ ಕೋರ್ಟಿನಲ್ಲಿ ನಾಲ್ಕು ಜನ ವಕೀಲರಿಗಿಂತ ಹೆಚ್ಚು ಕೆಲಸ ಮಾಡುವುದು ಈ ನೋಟ್‌ಬುಕ್ಕು.

ಹೆಜ್ಜೆ 3: ಬೈಲಾ ಬರೆಯಿರಿ

ಬೇರೆ ಸಂಘದ ಬೈಲಾ ತಂದು ಹೆಸರು ಬದಲಿಸುವುದು ರೂಢಿ. ಮಾಡಿ, ಆದರೆ ಓದಿ ಮಾಡಿ. ಸಂಘದ ಹೆಸರು, ಉದ್ದೇಶಗಳು, ಸದಸ್ಯರನ್ನು ಸೇರಿಸಿಕೊಳ್ಳುವ ಕ್ರಮ, ಚಂದಾ, ಪದಾಧಿಕಾರಿಗಳ ಆಯ್ಕೆ ಮತ್ತು ವಜಾ, ಎಷ್ಟು ವರ್ಷಕ್ಕೊಮ್ಮೆ ಚುನಾವಣೆ, ಹಣ ಎಲ್ಲಿಡಬೇಕು, ಲೆಕ್ಕಪರಿಶೋಧನೆ ಹೇಗೆ, ಬೈಲಾ ತಿದ್ದುವುದು ಹೇಗೆ, ಸಂಘ ಮುಚ್ಚಿದರೆ ಹಣ ಏನಾಗಬೇಕು ಎಲ್ಲವೂ ಅದರಲ್ಲಿರಬೇಕು.

ಹೊರಗಿನ ಮುಖಂಡರನ್ನು ಅಧ್ಯಕ್ಷರನ್ನಾಗಿ ಮಾಡಿಕೊಳ್ಳಲು ಅವಕಾಶವಿದೆ, ಮಿತಿಯೂ ಇದೆ. ಸಂಘಟಿತ ವಲಯದಲ್ಲಿ ಹೊರಗಿನವರು ಪದಾಧಿಕಾರಿಗಳ ಮೂರನೇ ಒಂದು ಭಾಗವನ್ನಾಗಲಿ ಐವರನ್ನಾಗಲಿ, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಅಸಂಘಟಿತ ವಲಯದಲ್ಲಿ ಅರ್ಧದಷ್ಟಾದರೂ ಆ ಕೆಲಸ ಮಾಡುವವರೇ ಇರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಅಧ್ಯಕ್ಷರು ಹೊರಗಿನವರಾದರೂ ಪರವಾಗಿಲ್ಲ, ಖಜಾಂಚಿ ಮಾತ್ರ ನಿಮ್ಮ ಪಾಳಿಯಲ್ಲೇ ಕೆಲಸ ಮಾಡುವವರಾಗಿರಲಿ. ಊಟದ ಹೊತ್ತಿನಲ್ಲಿ ಎದುರು ಕೂತು ‘ಲೆಕ್ಕ ತೋರಿಸಮ್ಮ’ ಎಂದು ಕೇಳುವಂತಿರಬೇಕು.

ಹೆಜ್ಜೆ 4: ಅರ್ಜಿ

ಇದು ಚಿಕ್ಕ ಹೆಜ್ಜೆ. ಅಫಿಡವಿಟ್ ಮೂಲಕ ಘೋಷಣೆ, ಬೈಲಾ ಪ್ರತಿ, ಬೈಲಾ ಒಪ್ಪಿದ ನಿರ್ಣಯದ ಪ್ರತಿ, ಅರ್ಜಿ ಹಾಕಲು ಆ ಏಳು ಜನರಿಗೆ ಅಧಿಕಾರ ಕೊಟ್ಟ ನಿರ್ಣಯದ ಪ್ರತಿ, ಇಷ್ಟನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಈಗಾಗಲೇ ಇರುವ ಸಂಘದ ಹೆಸರನ್ನೇ ಇಟ್ಟರೆ ಬದಲಿಸಿ ಎನ್ನುತ್ತಾರೆ. ಸ್ವೀಕೃತಿಯ ಮೊಹರು ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು.

ಪ್ರಮಾಣಪತ್ರ ಬಂದ ದಿನ ಸಂಘಕ್ಕೆ ತನ್ನದೇ ಹೆಸರಿನಲ್ಲಿ ಆಸ್ತಿ ಹೊಂದುವ, ದಾವೆ ಹೂಡುವ ಶಕ್ತಿ ಬರುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. 1920ರ ಕೊನೆಯಲ್ಲಿ, ಮದರಾಸಿನ ಆ ಗಿರಣಿಗಳನ್ನು ನಡೆಸುತ್ತಿದ್ದ ಬಿನ್ನಿ ಕಂಪನಿ ವಾಡಿಯಾ ಮೇಲೆ ಮದರಾಸು ಹೈಕೋರ್ಟಿನಲ್ಲಿ ದಾವೆ ಹಾಕಿತು. ಕೆಲಸಗಾರರು ಕರಾರು ಮುರಿಯುವಂತೆ ಪ್ರೇರೇಪಿಸಿದ್ದಾರೆ ಎಂಬ ಆರೋಪಕ್ಕೆ ಕೋರ್ಟು ತಡೆಯಾಜ್ಞೆಯನ್ನೂ ಕೊಟ್ಟಿತು. ಕೊನೆಗೆ ವಾಡಿಯಾ ಸಂಘದಿಂದಲೇ ದೂರ ಸರಿಯಬೇಕಾಯಿತು. ಕಾರ್ಮಿಕ ಮುಖಂಡ ಎನ್.ಎಂ. ಜೋಶಿ 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ನಿರ್ಣಯ ತಂದು, ಐದು ವರ್ಷದ ಬಳಿಕ ಕಾಯ್ದೆ ಬಂದಿದ್ದು ಈ ಬಿಸಿಯಿಂದಲೇ. ನೋಂದಾಯಿತ ಸಂಘದ ಮೇಲೆ, ಕೈಗಾರಿಕಾ ವಿವಾದದ ಸಲುವಾಗಿ ಕರಾರು ಮುರಿಸಿದರು ಎಂದು ಸಿವಿಲ್ ದಾವೆ ಹೂಡಲು ಈಗ ಬರುವುದಿಲ್ಲ. ಕಲ್ಲು ತೂರಿದವರಿಗೆ ಈ ರಕ್ಷಣೆ ಇಲ್ಲ, ಅದು ಬೇರೆ ಮಾತು.

ಹೆಜ್ಜೆ 5: ಚಂದಾ, ರಸೀದಿ

ಹಳೆಯ ಕಾಯ್ದೆ ಹೇಳಿದ್ದ ಕನಿಷ್ಠ ಚಂದಾ ವರ್ಷಕ್ಕೆ ₹12. ಅಸಂಘಟಿತ ವಲಯದವರಿಗೆ ₹3, ಗ್ರಾಮೀಣ ಕೂಲಿಗಳಿಗೆ ₹1. ಈಗ ಅದರಿಂದ ಟೀ ಕೂಡ ಬರುವುದಿಲ್ಲ. ತಿಂಗಳಿಗೆ ₹20 ಎಂದು ಇಟ್ಟುಕೊಳ್ಳೋಣ. ಸಂಬಳದಿಂದಲೇ ಮುರಿದುಕೊಳ್ಳುವ ಏರ್ಪಾಡು ಇದ್ದರೆ ಪ್ರತಿ ಸದಸ್ಯರ ಲಿಖಿತ ಒಪ್ಪಿಗೆ ಬೇಕು. ಆರಂಭದಲ್ಲಿ ಕೈಯಾರೆ ವಸೂಲಿ ಮಾಡುವುದೇ ಮೇಲು. ತಿಂಗಳಿಗೊಮ್ಮೆ ಪ್ರತಿಯೊಬ್ಬರ ಜೊತೆ ಎರಡು ಮಾತಾಡುವ ನೆಪ ಸಿಗುತ್ತದೆ. ಕೊಟ್ಟ ಪ್ರತಿ ಇಪ್ಪತ್ತು ರೂಪಾಯಿಗೂ ಕ್ರಮಸಂಖ್ಯೆಯಿರುವ ರಸೀದಿ ಹರಿಯಿರಿ, ಪ್ರತಿ ಉಳಿಸಿಕೊಳ್ಳಿ. ವರ್ಷಕ್ಕೊಮ್ಮೆ ಪರಿಶೋಧಿತ ಲೆಕ್ಕವನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಇದನ್ನು ಮರೆತು ನೋಂದಣಿ ಕಳೆದುಕೊಂಡ ಸಂಘಗಳಿವೆ.

ಹೆಜ್ಜೆ 6: ಬೇಡಿಕೆ, ಮಾತುಕತೆ, ಮುಷ್ಕರ

ನೋಂದಣಿಯಾದ ಮಾತ್ರಕ್ಕೆ ಮಾಲೀಕರು ಮಾತಿಗೆ ಕರೆಯುತ್ತಾರೆ ಎಂದೇನಿಲ್ಲ. ಹೊಸ ಸಂಹಿತೆಯ ಪ್ರಕಾರ ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ ಶೇ 51 ಕಾರ್ಮಿಕರ ಬೆಂಬಲವಿರುವ ಸಂಘವೇ ಮಾತುಕತೆಯ ಏಕೈಕ ಸಂಘ. ಯಾರಿಗೂ ಅಷ್ಟು ಬಲ ಇಲ್ಲದಿದ್ದರೆ ಶೇ 20ಕ್ಕಿಂತ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿ ಸಮಾಲೋಚನಾ ಮಂಡಳಿ ಆಗುತ್ತದೆ. ಸಣ್ಣ ಸಂಘಗಳಿಗೆ ಇದು ಏಟು, ಸಂಘಗಳು ಇದನ್ನು ವಿರೋಧಿಸುತ್ತಿರುವುದೂ ಅದಕ್ಕೇ.

ಮುಷ್ಕರಕ್ಕೆ 14 ದಿನಗಳ ನೋಟಿಸ್ ಬೇಕು. ರಾಜಿ ಸಂಧಾನ ನಡೆಯುತ್ತಿರುವಾಗ, ಮುಗಿದ ಏಳು ದಿನದವರೆಗೂ ಮುಷ್ಕರ ಮಾಡುವಂತಿಲ್ಲ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದೀಗ ಮುಷ್ಕರವೇ. ‘ರಜೆ ಹಾಕಿ ಮನೇಲಿ ಇದ್ವಿ ಸಾರ್’ ಎಂಬ ಹಳೆಯ ಉಪಾಯ ನಡೆಯುವುದಿಲ್ಲ. ಕೋರ್ಟಿನ ದಾರಿಯೂ ಇದೆ: 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ ದುಡಿಸಲು ಆದೇಶ ಹೊರಡಿಸಿತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು, ಮರುತಿಂಗಳೇ ಸರ್ಕಾರ ಆದೇಶವನ್ನು ಹಿಂಪಡೆಯಿತು.

ಹೆಜ್ಜೆ 7: ಬೇಲಿಯಾಚೆಗೆ ಕೈ ಚಾಚುವಾಗ

ಉತ್ತರ ಕರ್ನಾಟಕದಲ್ಲಿ 2019ರಲ್ಲಿ ಬಂದಂಥ ನೆರೆ ಬಂದಿದೆ ಎಂದುಕೊಳ್ಳಿ. ಊರು ಬಿಟ್ಟು ಬಂದ ಕೂಲಿಗಳಿಗೆ ಸಂಘದಿಂದ ಏನಾದರೂ ಮಾಡೋಣ ಎಂದು ಸಭೆಯಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಖಜಾಂಚಿಗೆ ಮಾತ್ರ ಚಿಂತೆ ಹತ್ತುತ್ತದೆ, ಹತ್ತಲೂ ಬೇಕು. ಸಂಘದ ಸಾಮಾನ್ಯ ನಿಧಿ ಮನಸ್ಸಿಗೆ ಬಂದಂತೆ ಖರ್ಚು ಮಾಡುವ ಹಣವಲ್ಲ.

1926ರ ಕಾಯ್ದೆಯ 15ನೇ ಕಲಂ ಖರ್ಚಿನ ಬಾಬ್ತುಗಳನ್ನು ಪಟ್ಟಿ ಮಾಡಿತ್ತು: ಕಚೇರಿ ಖರ್ಚು, ಕೋರ್ಟು ಖರ್ಚು, ಸದಸ್ಯರ ಕಾಯಿಲೆ, ಅಪಘಾತ, ಸಾವು, ಅವರ ಮಕ್ಕಳ ಓದು ಹೀಗೆ. ಸದಸ್ಯರಲ್ಲದವರೂ ಸೇರಿ ಕಾರ್ಮಿಕರ ಒಟ್ಟಾರೆ ಹಿತದ ಕೆಲಸಕ್ಕೆ ದೇಣಿಗೆ ಕೊಡಲೂ ಅದರಲ್ಲಿ ಜಾಗವಿತ್ತು. ಮಿತಿ ಇಷ್ಟು: ವರ್ಷದ ಮೊದಲಿಗೆ ಕೈಯಲ್ಲಿದ್ದ ಶಿಲ್ಕು, ಆ ದಿನದವರೆಗೆ ಬಂದ ಆದಾಯ, ಎರಡನ್ನೂ ಕೂಡಿಸಿದ ಮೊತ್ತದ ಕಾಲು ಭಾಗ.

‘ಆ ದಿನದವರೆಗೆ’ ಎಂಬಲ್ಲಿ ಗಮನವಿರಲಿ. 300 ಸದಸ್ಯರು, ತಿಂಗಳಿಗೆ ₹20, ಅಂದರೆ ₹6,000. ಜನವರಿಯಿಂದ ಲೆಕ್ಕ ಶುರು, ಆಗಿನ ಶಿಲ್ಕು ₹28,000. ವರ್ಷದ ಕೊನೆಗೆ ಒಟ್ಟು ಒಂದು ಲಕ್ಷವಾಗುತ್ತದೆ, ಕಾಲು ಭಾಗ ₹25,000 ಎಂದು ಆಗಸ್ಟಿನಲ್ಲೇ ಅಷ್ಟನ್ನೂ ಕೊಟ್ಟರೆ ತಪ್ಪು. ಆಗಸ್ಟ್ ಕೊನೆಗೆ ಬಂದಿರುವುದು ₹48,000, ಶಿಲ್ಕು ಸೇರಿ ₹76,000, ಕೊಡಬಹುದಾದದ್ದು ₹19,000. ಹೊಸ ಸಂಹಿತೆ ಈ ಬಾಬ್ತುಗಳನ್ನು ನಿಯಮಗಳಿಗೆ ಬಿಟ್ಟಿದೆ. ಏನೇ ಆಗಲಿ, ಕಾಲು ಭಾಗದ ಮಿತಿಯನ್ನು ನಿಮ್ಮ ಬೈಲಾದಲ್ಲೇ ಬರೆದುಕೊಳ್ಳಿ. ಚಪ್ಪಾಳೆಯ ಭರದಲ್ಲಿ ಮುಷ್ಕರ ಕಾಲದ ಅಕ್ಕಿಯ ದುಡ್ಡು ಹೊರಟುಹೋಗದಂತೆ ಅದು ಕಾಯುತ್ತದೆ.

ಹೆಚ್ಚು ಹಣ ಬೇಕೆಂದರೆ ಚಂದಾಕ್ಕೆ ಕೈ ಹಾಕದೆ ನೆರೆ ಪರಿಹಾರಕ್ಕೆಂದೇ ಬೇರೆ ಬಣ್ಣದ ರಸೀದಿ ಪುಸ್ತಕ ಅಚ್ಚು ಹಾಕಿಸಿ. ಸರ್ಕಾರಿ ನೌಕರರು ಮಾಡುವಂತೆ ‘ಒಂದು ದಿನದ ಸಂಬಳ’ ಕೊಡಿಸುವುದಾದರೆ ಒಪ್ಪಿದವರಿಂದ ಮಾತ್ರ, ಬರಹದಲ್ಲಿ ಪಡೆಯಿರಿ. ದಿನಗೂಲಿಯವರಿಗೆ ಆ ಒಂದು ದಿನ ಎಂದರೆ ಮನೆಯ ಎರಡು ದಿನದ ಊಟ.

ದುಡ್ಡಲ್ಲದೆ ಕೊಡಬಹುದಾದದ್ದೂ ಇದೆ. ಡಬ್ಲಿನ್ ನಗರದ ಡನ್ಸ್ ಅಂಗಡಿಯ 21 ವರ್ಷದ ಕ್ಯಾಷಿಯರ್ ಮೇರಿ ಮ್ಯಾನಿಂಗ್ 1984ರ ಜುಲೈ 19ರಂದು ದಕ್ಷಿಣ ಆಫ್ರಿಕಾದ ಹಣ್ಣಿಗೆ ಬಿಲ್ ಹಾಕಲು ಒಲ್ಲೆ ಎಂದರು. ವರ್ಣಭೇದ ನೀತಿಯ ದೇಶದ ಸರಕು ಮುಟ್ಟಬಾರದು ಎಂದು ಅವರ ಸಂಘ ಅದಕ್ಕೂ ಮೊದಲೇ ನಿರ್ಣಯ ಮಾಡಿತ್ತು. ಅವರನ್ನು ಅಮಾನತು ಮಾಡಿದರು, ಜೊತೆಯವರೂ ಹೊರಬಂದರು. ಮುಷ್ಕರ ಎರಡೂವರೆ ವರ್ಷ ದಾಟಿತು, 1987ರಲ್ಲಿ ಐರ್ಲೆಂಡ್ ಆ ದೇಶದ ಹಣ್ಣು–ತರಕಾರಿ ಆಮದನ್ನೇ ನಿಲ್ಲಿಸಿತು. ನಮ್ಮಲ್ಲಿ 2020ರ ಮೇ ಮೊದಲ ವಾರ ವಲಸೆ ಕಾರ್ಮಿಕರ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿದಾಗ ಸಂಘಗಳು ದನಿ ಎತ್ತಿದವು. ಊರಿಗೆ ಹೊರಟು ನಿಂತಿದ್ದ ಆ ಬಿಹಾರಿ, ಒಡಿಯಾ ಕೂಲಿಗಳಲ್ಲಿ ಹೆಚ್ಚಿನವರ ಹೆಸರು ಯಾವ ಸಂಘದ ಸದಸ್ಯತ್ವ ಪುಸ್ತಕದಲ್ಲೂ ಇರಲಿಲ್ಲ. ಟೀಕೆ ಜೋರಾದ ಮೇಲೆ ರೈಲು ಮತ್ತೆ ಹೊರಟವು.

ನೆರೆಯ ಕೆಲಸಕ್ಕೆ ಮರಳಿದರೆ, ಅಕ್ಕಿ ಮೂಟೆ ಇಳಿಸುವ ಮೊದಲು ಇಬ್ಬರನ್ನು ಮುಂದಾಗಿ ಕಳಿಸಿ ಪಟ್ಟಿ ಮಾಡಿಸಿ. ಗ್ರಾಮ ಪಂಚಾಯಿತಿಯ ಪಟ್ಟಿಯಲ್ಲಿ ಮನೆಯಿದ್ದವರ ಹೆಸರಿರುತ್ತದೆ. ಬಾಡಿಗೆ ಗುಡಿಸಲಿನವರು, ಇಟ್ಟಿಗೆ ಭಟ್ಟಿಯವರು, ಕಬ್ಬು ಕಡಿಯಲು ಬಂದವರು ಅದರಲ್ಲಿ ಬಿಟ್ಟುಹೋಗಿರುತ್ತಾರೆ. ಕೊಟ್ಟದ್ದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ, ಕೈಚಾಚಿದವರ ಮುಖದ ಫೋಟೊ ಹಾಕಬೇಡಿ. ಅಂಗಡಿ ಬಿಲ್ಲು, ಲಾರಿ ಬಾಡಿಗೆ, ಉಳಿದ ಚಿಲ್ಲರೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತಿಂಗಳೊಳಗೆ ಸಂಘದ ಬೋರ್ಡಿಗೆ ಅಂಟಿಸಿ. ಓದುವವರು ಹತ್ತೇ ಜನ ಇರಬಹುದು. ಮುಂದಿನ ತಿಂಗಳು ಚಂದಾ ಕೇಳಲು ಹೋದಾಗ ಉಳಿದ 290 ಜನರಿಗೂ ಆ ಹಾಳೆಯ ವಿಷಯ ಗೊತ್ತಿರುತ್ತದೆ.