ಅಂತಿಮ ಲೆಕ್ಕದ ಕಾಗದಕ್ಕೆ ಆ ದಿನವೇ ಸಹಿ ಹಾಕಬೇಡಿ

11 ವರ್ಷ ವೇತನ ವಿಭಾಗದಲ್ಲಿ ಕುಳಿತು ಕೆಲಸ ಬಿಟ್ಟವರ, ಕೆಲಸದಿಂದ ತೆಗೆಸಿಕೊಂಡವರ ಅಂತಿಮ ಲೆಕ್ಕ ಬರೆದವಳು ನಾನು. 12ನೆಯ ವರ್ಷ ಪುನರ್‌ರಚನೆ ಬಂತು. ನಮ್ಮ ವಿಭಾಗದ ಕೆಲಸವನ್ನೇ ಹೊರಗುತ್ತಿಗೆಗೆ ಕೊಟ್ಟರು. ಅದುವರೆಗೆ ನಾನು ಪರರಿಗೆ ಕೊಡುತ್ತಿದ್ದ ಕಾಗದ ಅಂದು ನನ್ನ ಕೈಗೆ ಬಂತು.

ಕೆಲಸ ಹೋಯಿತೆಂದು ತಿಳಿಸಿದ ಸಭೆ 14 ನಿಮಿಷದಲ್ಲಿ ಮುಗಿಯಿತು. ಅದರಲ್ಲಿ ನನಗೆ ಕೇಳಿಸಿದ್ದು ಮೊದಲ ಎರಡು ನಿಮಿಷ ಮಾತ್ರ. ಆದ್ದರಿಂದ ಪೆನ್ನು ತೆಗೆದುಕೊಂಡು ಹೋಗಿ. ಮೂರೇ ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ: ಕೆಲಸದ ಕೊನೆಯ ದಿನ ಯಾವುದು? ಈ ಕಾಗದಕ್ಕೆ ಉತ್ತರಿಸಲು ಗಡುವು ಎಷ್ಟು? ಇನ್ನು ಮುಂದೆ ಯಾರಿಗೆ ಬರೆಯಬೇಕು? ‘ನನ್ನನ್ನೇ ಏಕೆ’ ಎಂದು ಕೇಳುವುದರಿಂದ ಉಪಯೋಗವಿಲ್ಲ. ಎದುರಿಗೆ ಕುಳಿತವರಿಗೂ ಬಹುಪಾಲು ಅದು ಗೊತ್ತಿರುವುದಿಲ್ಲ.

ಸಹಿ ಬೇಡ. ಅಂತಹ ಕಾಗದದ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಒಂದು ಸಾಲು ಅಡಗಿರುತ್ತದೆ: ಕಂಪನಿಯಿಂದ ನನಗೆ ಇನ್ನೇನೂ ಬರಬೇಕಾಗಿಲ್ಲ, ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ. ಅದನ್ನು ಒಪ್ಪಿದ ಮೇಲೆ ಲೆಕ್ಕದಲ್ಲಿ ತಪ್ಪು ಸಿಕ್ಕರೂ ಕೇಳುವುದು ಕಷ್ಟ. ಕಾಗದ ತಲುಪಿದ್ದಕ್ಕೆ ಸಹಿ ಬೇಕೇ ಬೇಕೆಂದರೆ ‘ಪ್ರತಿ ತಲುಪಿದೆ, ಒಪ್ಪಿಗೆಯಲ್ಲ’ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ.

ರಾಜೀನಾಮೆ ಕೊಟ್ಟರೆ ದಾಖಲೆ ಚೆನ್ನಾಗಿರುತ್ತದೆ ಎಂದು ಮೆತ್ತಗೆ ಹೇಳುವವರು ಸಿಗುತ್ತಾರೆ. ನನಗೂ ಹೇಳಿದರು. ತಾವಾಗಿ ಬಿಟ್ಟವರ ಲೆಕ್ಕವೇ ಬೇರೆ, ಕಂಪನಿಯೇ ತೆಗೆದುಹಾಕಿದವರ ಲೆಕ್ಕವೇ ಬೇರೆ. ರಾಜೀನಾಮೆ ಬರೆದುಕೊಟ್ಟರೆ ಪರಿಹಾರ ಮೊತ್ತವೋ ನಿರುದ್ಯೋಗ ಭತ್ಯೆಯೋ ಕೈತಪ್ಪಬಹುದು. ನಿಯಮಗಳು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಗಡುವಿನೊಳಗೆ ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ಅಥವಾ ಸಂಘದವರಿಗೆ ಒಮ್ಮೆ ತೋರಿಸಿ. ಒಂದು ಗಂಟೆಯ ಶುಲ್ಕಕ್ಕೆ ಹಿಂಜರಿಯಬೇಡಿ.

ಈಗ ನನ್ನ ಕಸುಬಿನ ಮಾತು. ಅಂತಿಮ ಲೆಕ್ಕದಲ್ಲಿ ತಪ್ಪುಗಳು ಎಲ್ಲೆಲ್ಲೋ ಇರುವುದಿಲ್ಲ, ಅವಕ್ಕೆ ಅವುಗಳದೇ ಜಾಗಗಳಿವೆ. ಮೊದಲು ಸೇವೆ ಸೇರಿದ ದಿನಾಂಕ ನೋಡಿ. ನನ್ನ ಕಾಗದದಲ್ಲಿ ಕೆಲಸ ಕಾಯಂ ಆದ ದಿನದಿಂದ ಎಣಿಸಿದ್ದರು. ಅದಕ್ಕೂ ಮುಂಚಿನ ಪ್ರೊಬೇಷನ್‌ನ 7 ತಿಂಗಳು ಮಾಯವಾಗಿತ್ತು. ಆಮೇಲೆ ಉಳಿದ ರಜೆ. ನನಗೆ 19 ದಿನ ಇತ್ತು, ಕಾಗದದಲ್ಲಿ 12. ಹಿಂದಿನ ವರ್ಷದಿಂದ ಬಂದ ರಜೆಯನ್ನು ಸೇರಿಸಲು ಮರೆತಿದ್ದರು. (ಇದೇ ತಪ್ಪನ್ನು ನಾನು ಒಮ್ಮೆ ಬೇರೊಬ್ಬರ ಲೆಕ್ಕದಲ್ಲಿ ಮಾಡಿದ್ದೆ. ಅವರು ಕೇಳಲಿಲ್ಲ, ತಿಂಗಳುಗಳ ನಂತರ ನನಗೇ ಕಂಡು ಹಣ ಕಳುಹಿಸಿದೆ.) ಮೂರನೆಯದು, ‘ಒಂದು ತಿಂಗಳ ಸಂಬಳ’ ಎಂದರೆ ಮೂಲ ವೇತನವೋ ಭತ್ಯೆಗಳೂ ಸೇರಿದ್ದೋ ಎಂಬುದು. ಮೊತ್ತ ಅರ್ಧಕ್ಕರ್ಧ ವ್ಯತ್ಯಾಸವಾಗುವುದು ಇಲ್ಲಿಯೇ. ನೋಟಿಸ್ ಅವಧಿಯ ಸಂಬಳವನ್ನು ಪರಿಹಾರದೊಳಗೇ ಸೇರಿಸಿ ಒಂದೇ ಅಂಕಿ ತೋರಿಸಿದ್ದರೆ ಬಿಡಿಸಿ ತೋರಿಸಿ ಎಂದು ಕೇಳಿ.

ಇವನ್ನೆಲ್ಲ ಪರಿಶೀಲಿಸಲು ನೇಮಕಾತಿ ಪತ್ರ, ಸಂಬಳದ ಚೀಟಿಗಳು, ರಜೆಯ ಪಟ್ಟಿ ನಿಮ್ಮ ಬಳಿ ಇರಬೇಕು. ಅವು ಕಚೇರಿಯ ಇಮೇಲಿನಲ್ಲಿ ಮಾತ್ರ ಇದ್ದರೆ ಪ್ರವೇಶ ನಿಂತ ಕ್ಷಣವೇ ಹೋದವು. ನಿಮ್ಮ ಸ್ವಂತ ದಾಖಲೆಗಳ ಪ್ರತಿ ಕೇಳಿ ಪಡೆಯಿರಿ. ಕಂಪನಿಯ ಕಡತಗಳನ್ನು ಮುಟ್ಟಬೇಡಿ, ಅದರಿಂದ ತಪ್ಪು ನಿಮ್ಮ ತಲೆಗೆ ಬರುತ್ತದೆ.

ತಪ್ಪು ಕಂಡರೆ ಫೋನಿನಲ್ಲಿ ಜಗಳವಾಡದೆ ಬರೆದು ಕಳುಹಿಸಿ. ನನ್ನ ಪತ್ರ ನಾಲ್ಕು ಸಾಲಿನದು: ಕಾಗದದಲ್ಲಿರುವ ಅಂಕಿ, ಇರಬೇಕಾದ ಅಂಕಿ, ಆಧಾರವಾಗಿ ಲಗತ್ತಿಸಿದ ದಾಖಲೆ, ಉತ್ತರ ಬೇಕಾದ ದಿನಾಂಕ. ಒಂಬತ್ತನೆಯ ದಿನ ತಿದ್ದಿದ ಲೆಕ್ಕ ಬಂತು.

ಆರೋಗ್ಯ ವಿಮೆ ಯಾವ ದಿನ ನಿಲ್ಲುತ್ತದೆ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿ. ಸಾಲದ ಕಂತು ಇದ್ದರೆ ತಪ್ಪಿದ ಮೇಲಲ್ಲ, ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತನಾಡಿ. ಮನೆಯವರಿಗೆ ಅಂದೇ ಹೇಳಿ. ನಾನು ಮೂರು ದಿನ ಎಂದಿನಂತೆ ಚೀಲ ಹಿಡಿದು ಹೊರಟು ಗ್ರಂಥಾಲಯದಲ್ಲಿ ಕುಳಿತಿದ್ದೆ. ಅದಕ್ಕಿಂತ ಸುಸ್ತು ಮಾಡುವ ಕೆಲಸ ಇನ್ನೊಂದಿಲ್ಲ.

ಕೊನೆಗೆ, ಲ್ಯಾಪ್‌ಟಾಪ್, ಗುರುತಿನ ಚೀಟಿ, ಚಾರ್ಜರ್ ಹೀಗೆ ಹಿಂದಿರುಗಿಸಿದ ಪ್ರತಿಯೊಂದಕ್ಕೂ ರಸೀದಿ ಪಡೆಯಿರಿ. ತಿದ್ದಿ ಬಂದ ನನ್ನ ಲೆಕ್ಕದಲ್ಲಿಯೂ ಒಂದು ಕಡಿತ ಉಳಿದಿತ್ತು: ಹಿಂದಿರುಗಿಸದ ಹೆಡ್‌ಫೋನ್. 11 ವರ್ಷದಲ್ಲಿ ನನಗೆ ಅವರು ಹೆಡ್‌ಫೋನ್ ಕೊಟ್ಟೇ ಇರಲಿಲ್ಲ. ಇನ್ನೊಂದು ನಾಲ್ಕು ಸಾಲಿನ ಪತ್ರ ಬರೆದೆ.